ಪದ ಪರಿಚಯ: ಪಿಎಸ್‌ಎಪಿ

ನಮ್ಮ 112 ಆಗಲಿ, ಅಮೆರಿಕದ 911 ಆಗಲಿ, ತುರ್ತು ಕರೆ ಹೋಗಿ ಮುಟ್ಟುವ ಕೋಣೆಗೆ ಪಿಎಸ್‌ಎಪಿ ಎಂದು ಹೆಸರು. ಪೂರ್ತಿಯಾಗಿ ಹೇಳಿದರೆ ಪಬ್ಲಿಕ್ ಸೇಫ್ಟಿ ಆನ್ಸರಿಂಗ್ ಪಾಯಿಂಟ್. ಪಣಜಿಯಲ್ಲೋ ಮುಂಬೈಯಲ್ಲೋ ಇದನ್ನು ಯಾರೂ ಹೀಗೆ ಕರೆಯುವುದಿಲ್ಲ, ಕಂಟ್ರೋಲ್ ರೂಮ್ ಅಂದರೆ ಸಾಕು. ಪೊಲೀಸರನ್ನು ಕಳಿಸಬೇಕೋ ಆಂಬುಲೆನ್ಸನ್ನೋ ಎಂಬ ತೀರ್ಮಾನ ಆಗುವುದು ಅಲ್ಲೇ.

ಲ್ಯಾಂಡ್‌ಲೈನ್ ಕಾಲದಲ್ಲಿ ನಂಬರಿಗೊಂದು ಮನೆ ವಿಳಾಸ ಇರುತ್ತಿತ್ತು. ಮೊಬೈಲ್ ಬಂದಮೇಲೆ ಅದು ತಪ್ಪಿತು. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 1996ರಲ್ಲಿ ಎರಡು ಹಂತದ ನಿಯಮ ತಂದಿತು. ಮೊದಲ ಹಂತದಲ್ಲಿ ಫೋನ್ ಕಂಪನಿ ಕರೆದವರ ನಂಬರನ್ನೂ ಕರೆ ಹಿಡಿದ ಟವರನ್ನೂ ತಿಳಿಸಬೇಕು. ಎರಡನೆಯದರಲ್ಲಿ ಅಕ್ಷಾಂಶ, ರೇಖಾಂಶ. ಫೋನೇ ತನ್ನ ಜಾಗ ಹೇಳುವಂತಿದ್ದರೆ ನೂರರಲ್ಲಿ 67 ಕರೆಗಳಿಗೆ 50 ಮೀಟರಿನೊಳಗೆ, 95ಕ್ಕೆ 150 ಮೀಟರಿನೊಳಗೆ ಸಿಗಬೇಕೆಂದು ಆಮೇಲೆ ಅಳತೆ ನಿಗದಿಯಾಯಿತು.

ತೊಡಕು ಇದ್ದದ್ದು ಆ ನಿಯಮದ ಮುಂದಿನ ಸಾಲಿನಲ್ಲಿ. ಕೋಣೆಯವರು ಕೇಳಿದರೆ ಮಾತ್ರ ಕಂಪನಿ ಕೊಡಬೇಕು, ಕೇಳುವವರ ಬಳಿ ಅದನ್ನು ತೋರಿಸುವ ಯಂತ್ರ ಇರಬೇಕು. ಯಂತ್ರದ ಜೊತೆಗೆ ಡಿಜಿಟಲ್ ನಕ್ಷೆ ಬೇಕು, ನಕ್ಷೆಗೆ ಹಾಕಲು ಹಳ್ಳಿ ರಸ್ತೆಗಳಿಗೆ ಹೆಸರು, ಮನೆಗಳಿಗೆ ನಂಬರು ಬೇಕು. ಖರ್ಚು ಯಾರದು ಎಂಬ ಜಗಳಕ್ಕೆ 2001ರಲ್ಲಿ ಎಫ್‌ಸಿಸಿ ಗೆರೆ ಎಳೆಯಿತು: ಕರೆಗಳನ್ನು ಹಂಚುವ ರೂಟರ್‌ವರೆಗೆ ಕಂಪನಿಯದು, ಅಲ್ಲಿಂದಾಚೆ ಕೋಣೆಯದು. ದೊಡ್ಡ ಊರುಗಳು ಹೇಗೋ ನಿಭಾಯಿಸಿದವು. ಸಣ್ಣ ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲೆಗಳು, ಕೇಳುವ ಗೋಜಿಗೇ ಹೋಗಲಾಗದೆ ಹಿಂದುಳಿದವು. 1968ರಲ್ಲಿ ಮೊಟ್ಟಮೊದಲ 911 ಕರೆ ಹೋದದ್ದು ಅಲಬಾಮಾದ ಹೇಲಿವಿಲ್ ಎಂಬ ಪುಟ್ಟ ಊರಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಅಮೆರಿಕದಲ್ಲಿ ಈ ಕೋಣೆಗಳು ಬಹುಮಟ್ಟಿಗೆ ಫೋನ್ ಬಿಲ್ಲಿನ ಮೇಲಿನ ಸಣ್ಣ ಶುಲ್ಕದಿಂದ ನಡೆಯುತ್ತವೆ. ಲೆಕ್ಕಕ್ಕೆಂದು ಮೂರು ಸಾವಿರ ಫೋನಿನ ಊರು, ತಿಂಗಳಿಗೆ ತಲಾ ಒಂದು ಡಾಲರ್ ಎಂದುಕೊಳ್ಳಿ. ವರ್ಷಕ್ಕೆ 36,000 ಡಾಲರ್ ಆಯಿತು. ಒಂದೇ ಒಂದು ಕುರ್ಚಿಯನ್ನು ಹಗಲೂ ರಾತ್ರಿ ಖಾಲಿ ಬಿಡದಿರಲು ವಾರಕ್ಕೆ 168 ಗಂಟೆ, ಅಂದರೆ ರಜೆಯೇ ಇಲ್ಲದೆ ನಾಲ್ಕು ಜನ ಬೇಕು. ಕುರ್ಚಿಯ ಸಂಬಳಕ್ಕೇ ಸಾಲದ ಹಣದಲ್ಲಿ ಯಂತ್ರ ಎಲ್ಲಿಂದ ಬರಬೇಕು? ಇದಕ್ಕೆಂದೇ 2004ರಲ್ಲಿ ಅನುದಾನದ ಕಾಯ್ದೆ ಬಂತು, ವರ್ಷಕ್ಕೆ 25 ಕೋಟಿ ಡಾಲರ್‌ವರೆಗೆ ಎಂದು. 2009ರಲ್ಲಿ ಹಂಚಿದ್ದು ನಾಲ್ಕು ಕೋಟಿ ಡಾಲರಿಗಿಂತ ತುಸು ಹೆಚ್ಚು. ಅದರಲ್ಲೊಂದು ಷರತ್ತು ನನಗೆ ಬಹಳ ಹಿಡಿಸಿತು: 911ರ ಶುಲ್ಕವನ್ನು ಬೇರೆ ಬಾಬತ್ತಿಗೆ ತಿರುಗಿಸಿದ ರಾಜ್ಯಕ್ಕೆ ಅನುದಾನ ಇಲ್ಲ.

ಯಂತ್ರ ಬಂದರೂ ಮುಗಿಯುವುದಿಲ್ಲ. ಪರದೆ ಮೇಲೆ ಮೊದಲು ಮೂಡುವುದು ಎಷ್ಟೋ ಸಲ ಟವರಿನ ವಿಳಾಸ. ಹೊಸಬರು ಅದನ್ನೇ ಕರೆದವರ ವಿಳಾಸ ಎಂದುಕೊಂಡರೆ ಗಾಡಿ ಟವರಿನ ಬುಡಕ್ಕೆ ಹೋಗಿ ನಿಲ್ಲುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಕೇಳಿದರೆ ನಿಖರವಾದ ಜಾಗ ಬರಬಹುದು; ಅಲ್ಲಿಯವರು ಇದನ್ನು ರೀಬಿಡ್ ಎನ್ನುತ್ತಾರೆ. ತರಬೇತಿಯಲ್ಲಿ ಕಲಿಯುವುದು ಇಂಥದ್ದನ್ನೇ. ಜೊತೆಗೆ, ಉಸಿರು ನಿಂತವನ ಎದೆ ಒತ್ತುವುದು ಹೇಗೆಂದು ಫೋನಿನಲ್ಲೇ ಹೇಳಿಕೊಡುವುದನ್ನು.

ನಮ್ಮಲ್ಲಿ ದಾರಿ ಬೇರೆ. 112ರ ವ್ಯವಸ್ಥೆಗೆ ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಇಟ್ಟ ನಿರ್ಭಯಾ ನಿಧಿಯಿಂದ 321.69 ಕೋಟಿ ರೂಪಾಯಿ ನಿಗದಿಯಾಯಿತು, 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶ ಮೊದಲು ಶುರುಮಾಡಿತು. ಊರೂರಿಗೆ ಕೋಣೆಯಿಲ್ಲ, ಇಡೀ ರಾಜ್ಯದ ಕರೆಗಳನ್ನು ಒಂದು ಕೇಂದ್ರದಲ್ಲಿ ಎತ್ತುವುದು ಇದರ ಕ್ರಮ. ಸಣ್ಣ ಊರಿಗೆ ಯಂತ್ರದ ಖರ್ಚು ತಪ್ಪಿತು, ನಿಜ. ಆದರೆ ಕರೆ ಎತ್ತಿದವರಿಗೆ ಆ ಓಣಿ ಗೊತ್ತಿರುವುದಿಲ್ಲ.

ಗೋವಾದ ಕನ್ನಡಿಗರಿಗೆ ಇದು ತಟ್ಟುವುದು ಭಾಷೆಯಲ್ಲಿ. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನರ ತಾಯ್ನುಡಿ ಕನ್ನಡ. ವಾಸ್ಕೋ, ಝುವಾರಿನಗರದ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೊಸದಾಗಿ ಬಂದ ಬಾಗಲಕೋಟೆಯ ಹುಡುಗ ಗಾಬರಿಯಲ್ಲಿ "ಹೊಸಾ ಬಿಲ್ಡಿಂಗ್ ರೀ, ಗುಡ್ಡದ ಮ್ಯಾಲ" ಅಂದರೆ ಕೊಂಕಣಿ, ಹಿಂದಿಯಷ್ಟೇ ಬಲ್ಲವರು ಏನು ಬರೆದುಕೊಂಡಾರು? ಅಕ್ಷಾಂಶ, ರೇಖಾಂಶ ಬಂದರೂ ಬಿದ್ದವನಿಗೆ ಪ್ರಜ್ಞೆ ಇದೆಯೋ ಇಲ್ಲವೋ ಎಂಬುದನ್ನು ಮಾತಿನಲ್ಲೇ ತಿಳಿಯಬೇಕು. ಗೋವಾದ ಕನ್ನಡ ಸಂಘಗಳು ಸರಕಾರದ ಮುಂದೆ ಇಡಬಹುದಾದ ಬೇಡಿಕೆಗಳಲ್ಲಿ ಪ್ರತಿ ಪಾಳಿಗೆ ಕನ್ನಡ ಬಲ್ಲ ಒಬ್ಬರಾದರೂ ಇರಲಿ ಎಂಬುದನ್ನು ನಾನು ಕನ್ನಡ ಭವನಕ್ಕೆ ಜಾಗ ಕೊಡಿ ಎಂಬುದಕ್ಕಿಂತ ಮೊದಲು ಬರೆದೇನು.