ಪಾಠ ಪುಕ್ಕಟೆ, ತಿದ್ದುವುದಕ್ಕೆ ಫೀಸು

ಪಂಪನನ್ನು ಓದಬೇಕು ಅಂತ ಆಸೆ ಇರುವವರಿಗೆ, ಸಂಸ್ಕೃತದಲ್ಲಿ ನಾಲ್ಕು ಮಾತಾಡಬೇಕು ಅನ್ನುವವರಿಗೆ, ಮದುವೆ-ಮಕ್ಕಳ ಗಡಿಬಿಡಿಯಲ್ಲಿ ಬಿಟ್ಟುಹೋದ ಸಂಗೀತವನ್ನು ಐವತ್ತರ ಮೇಲೆ ಮತ್ತೆ ಹಿಡಿಯಲು ಹೊರಟವರಿಗೆ ಈಗ ದಾರಿ ಸುಲಭ. ಫೋನ್ ತೆರೆದರೆ ಸಾಕು. ನಾಲ್ಕು ವಾರದ ಕೋರ್ಸ್, ಎಂಟು ವಾರದ ಕೋರ್ಸ್, ಶನಿವಾರ-ಭಾನುವಾರದ ಬ್ಯಾಚ್. ಕೆಲವು ಪುಕ್ಕಟೆ. ಕೆಲವಕ್ಕೆ ಗಂಟೆ ಲೆಕ್ಕದಲ್ಲಿ ಫೀಸು. ಎಷ್ಟೋ ಸಲ ಎರಡರಲ್ಲೂ ಇರುವುದು ಅದೇ ಸರಳೆ ವರಸೆ, ಅದೇ ವ್ಯಾಕರಣ, ಅದೇ ಕಾವ್ಯ. ಹಾಗಾದರೆ ಫೀಸು ಯಾವುದಕ್ಕೆ?

ತಿದ್ದುವುದಕ್ಕೆ. ನಾವು ಬರೆದದ್ದನ್ನು ಒಬ್ಬರು ಓದಿ, ನಾವು ಹಾಡಿದ್ದನ್ನು ಒಬ್ಬರು ಕೇಳಿ, "ಇಲ್ಲಿ ತಪ್ಪಿದೆ ನೋಡಿ" ಅನ್ನುವುದಕ್ಕೆ. ವಯಸ್ಕರ ಬಿಡುವಿನ ಕಲಿಕೆಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ಇದೆ. ಅದನ್ನು ತಿರುವಿ ಹಾಕಿದರೆ ಪ್ರತಿ ಹೊಸ ಸಾಧನವೂ ಪಾಠವನ್ನು ಅಗ್ಗ ಮಾಡಿದ್ದು ಕಾಣುತ್ತದೆ. ತಿದ್ದುವ ಕೆಲಸ ಮಾತ್ರ ಅಗ್ಗವಾಗಲೇ ಇಲ್ಲ.

1840ರಲ್ಲಿ ಬ್ರಿಟನ್‌ನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗುವ ವ್ಯವಸ್ಥೆ ಬಂತು. ಐಸಾಕ್ ಪಿಟ್‌ಮನ್ ಅನ್ನುವ ಮೇಷ್ಟ್ರು ಅದನ್ನು ಕೂಡಲೇ ಬಳಸಿಕೊಂಡರು. ಅವರು ಕಲಿಸುತ್ತಿದ್ದದ್ದು ತಾವೇ ರೂಪಿಸಿದ ಶೀಘ್ರಲಿಪಿ. ಕಲಿಯುವವರು ಬೈಬಲ್ಲಿನ ಸಾಲುಗಳನ್ನು ಆ ಲಿಪಿಯಲ್ಲಿ ಬರೆದು ಅಂಚೆಗೆ ಹಾಕಬೇಕು. ಅದು ತಿದ್ದಿಸಿಕೊಂಡು ವಾಪಸ್ ಬರುತ್ತಿತ್ತು. ಪಾಠ ಅಚ್ಚಾದ ಪುಸ್ತಕದಲ್ಲೇ ಇತ್ತು. ಅಂಚೆಯಲ್ಲಿ ಓಡಾಡುತ್ತಿದ್ದದ್ದು ತಪ್ಪುಗಳು.

1867ರಲ್ಲಿ ಕೇಂಬ್ರಿಜ್‌ನ ಯುವ ಅಧ್ಯಾಪಕ ಜೇಮ್ಸ್ ಸ್ಟುವರ್ಟ್ ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಶೆಫೀಲ್ಡ್‌ಗಳಲ್ಲಿ ಹೆಂಗಸರಿಗೆ ಉಪನ್ಯಾಸ ಮಾಡಲು ಹೋದರು. ಗಂಡಸೊಬ್ಬ ಎದುರು ನಿಂತು ಹೆಂಗಸರನ್ನು ಪ್ರಶ್ನೆ ಕೇಳುವುದು, ಅವರು ಎದ್ದು ಉತ್ತರ ಹೇಳುವುದು ಆ ಕಾಲಕ್ಕೆ ಮುಜುಗರದ ಸಂಗತಿ. ಹಾಗಾಗಿ ಅವರು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಹಂಚಿದರು. ಉತ್ತರ ಬರೆದು ಅಂಚೆಯಲ್ಲಿ ಕಳಿಸಿ ಅಂದರು. ಮುಜುಗರ ತಪ್ಪಿಸಲು ಮಾಡಿದ ಈ ಉಪಾಯವೇ ಪದ್ಧತಿಯಾಗಿಬಿಟ್ಟಿತು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಡಾರ್ಬಿ, ಲೆಸ್ಟರ್, ನಾಟಿಂಗ್‌ಹ್ಯಾಮ್‌ನಲ್ಲಿ ಇಂಥ ಕೋರ್ಸ್‌ಗಳನ್ನು ತಾನೇ ಶುರು ಮಾಡಿತು. ವಾರಕ್ಕೊಂದು ಉಪನ್ಯಾಸ, ಅದರ ಬೆನ್ನಿಗೆ ಚರ್ಚೆ, ಮನೆಯಲ್ಲಿ ಬರೆದ ಉತ್ತರಕ್ಕೆ ತಿದ್ದುಪಡಿ. ಈಗಿನ ಶಾರ್ಟ್ ಕೋರ್ಸ್‌ಗಳ ವಾರದ ಲೆಕ್ಕ, ಅಸೈನ್‌ಮೆಂಟ್, ಚರ್ಚೆ ಎಲ್ಲ ಅಲ್ಲಿಂದ ಬಂದದ್ದು.

ನಮ್ಮಲ್ಲಿ ಇದರ ಮೊದಲ ಅರ್ಧ, ಅಂದರೆ ಉಪನ್ಯಾಸ, ಬೇಗ ಬಂತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. ಮುಂದೆ ಅದರ ಅಧ್ಯಾಪಕರು ಸಣ್ಣ ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು. ಅವು ಪುಟ್ಟ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಕ್ಕವು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ವಿಜ್ಞಾನ, ಸಾಹಿತ್ಯ, ಚರಿತ್ರೆ ಮುಟ್ಟಿದ್ದು ಹೀಗೆ. ದೊಡ್ಡ ಕೆಲಸವೇ. ಆದರೆ ಕೇಳಿದವರು ಏನು ತಿಳಿದುಕೊಂಡರು ಅಂತ ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಆ ಜಾಗವನ್ನು ತುಂಬಿದ್ದು ಪರೀಕ್ಷೆ. ಬಿ.ಎಂ.ಶ್ರೀಯವರು 1938ರ ನಂತರ ಕನ್ನಡ ಸಾಹಿತ್ಯ ಪರಿಷತ್ತಿನ ಹೊಣೆ ಹೊತ್ತಿದ್ದ ವರ್ಷಗಳಲ್ಲಿ ಅಲ್ಲಿ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ತರಗತಿಗಳು ನಡೆದವು, ಕನ್ನಡ ಪರೀಕ್ಷೆಗಳು ಬಂದವು. ಪ್ರವೇಶ, ಕಾವ, ಜಾಣ, ರತ್ನ. ಎಷ್ಟು ಚೆಂದದ ಹೆಸರುಗಳು! ಅತ್ತ ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾದ ಪ್ರಾಥಮಿಕದಿಂದ ಪ್ರವೀಣದವರೆಗಿನ ಮೆಟ್ಟಿಲುಗಳು ಕನ್ನಡದ ಊರೂರಿಗೂ ಬಂದವು. ಸಂಜೆ ಹಿಂದಿ ಮೇಷ್ಟ್ರ ಮನೆ ಜಗಲಿಯಲ್ಲಿ ಪಾಠ, ಫೆಬ್ರವರಿ ಇಲ್ಲವೇ ಆಗಸ್ಟ್‌ನಲ್ಲಿ ಪರೀಕ್ಷೆ. ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಕಲಿತವರು ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟಿದರು. ಹಳೆ ಮೈಸೂರಿನ ಕಡೆಯವರು ಜೂನಿಯರ್, ಸೀನಿಯರ್, ವಿದ್ವತ್ ಕಟ್ಟಿದರು. ಪರೀಕ್ಷೆಯೂ ಒಂದು ರೀತಿಯಲ್ಲಿ ತಿದ್ದುವುದೇ. ಆದರೆ ಅದು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಅದೂ ಅಂಕದ ರೂಪದಲ್ಲಿ. ಎಲ್ಲಿ ತಪ್ಪಿತು ಅಂತ ಅಂಕ ಹೇಳುವುದಿಲ್ಲವಲ್ಲ.

ಸಂಗೀತದ ಕಥೆ ಸ್ವಲ್ಪ ಬೇರೆ. ಬರೆದ ಉತ್ತರವನ್ನು ಅಂಚೆಯಲ್ಲಿ ಕಳಿಸಬಹುದು, ದನಿಯನ್ನು ಕಳಿಸಲು ಬರುವುದಿಲ್ಲ. ಗ್ರಾಮಫೋನ್ ಬಂದಾಗ ದನಿಗೂ ಓಡಾಟ ಸಿಕ್ಕಿತು, ಆದರೆ ಒಂದೇ ದಿಕ್ಕಿಗೆ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಮರುಳಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ರೆಕಾರ್ಡ್ ಎಷ್ಟು ಸಲ ಹಾಕಿದರೂ ಹಾಡುತ್ತಿತ್ತು. ಆದರೂ ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಅವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದರು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನಿಂತರು. ಹೇಗೆ ಹಾಡಬೇಕು ಅನ್ನುವುದನ್ನು ರೆಕಾರ್ಡ್ ತೋರಿಸಿತ್ತು. ತಾನು ಹಾಡಿದ್ದು ಹಾಗಿದೆಯೋ ಇಲ್ಲವೋ ಅಂತ ಹೇಳಲು ಅದಕ್ಕೆ ಕಿವಿ ಇರಲಿಲ್ಲ.

ರೇಡಿಯೊದ್ದೂ ಅದೇ ಮಿತಿ. ಹಾಗಿದ್ದೂ ಜನ ರೇಡಿಯೊದಿಂದ ಕಲಿತರು, ಸಾವಿರಗಟ್ಟಲೆ. ಕಲ್ಕತ್ತಾ ಕೇಂದ್ರದಲ್ಲಿ ಪಂಕಜ್ ಮಲ್ಲಿಕ್ 1929ರಲ್ಲಿ ಶುರು ಮಾಡಿದ ಹಾಡು ಕಲಿಸುವ ಕಾರ್ಯಕ್ರಮ ನಾಲ್ಕು ದಶಕಕ್ಕೂ ಮೀರಿ ನಡೆಯಿತು. ಭಾನುವಾರ ಬೆಳಗ್ಗೆ ಬಂಗಾಳದ ಮನೆಗಳಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ನಮ್ಮಲ್ಲಿ ರೇಡಿಯೊ ಶುರುವಾದದ್ದೇ ಒಬ್ಬ ಪ್ರೊಫೆಸರ್ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ.ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಕೇಂದ್ರ ನಡೆಸಲು ಹೊರಟರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು. ಆಮೇಲೆ ಸಂಗೀತ ಪಾಠ, ಭಾಷಾ ಪಾಠ ಎಲ್ಲ ಗಾಳಿಯಲ್ಲಿ ಬಂದವು. ಕೇಳುಗರ ತಪ್ಪು ಮಾತ್ರ ಅವರ ಮನೆಯಲ್ಲೇ ಉಳಿಯಿತು.

ಪಾಠ, ತಿದ್ದುವುದು ಈ ಎರಡನ್ನೂ ಸೇರಿಸುವ ಗಂಭೀರ ಪ್ರಯತ್ನ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. 1969ರಲ್ಲಿ ಸ್ಥಾಪನೆ, 1971ರ ಜನವರಿಯಲ್ಲಿ ಮೊದಲ ಪಾಠ. ಹೆಸರು ಮಾಡಿದ್ದು ಅದರ ಟಿವಿ ಪಾಠಗಳು. ಆದರೆ ನಿಜವಾದ ಬಲ ಇದ್ದದ್ದು ಬೇರೆ ಕಡೆ. ವಿದ್ಯಾರ್ಥಿ ಬರೆದ ಪ್ರಬಂಧವನ್ನು ಒಬ್ಬ ಟ್ಯೂಟರ್ ಓದಿ, ಪಕ್ಕದಲ್ಲಿ ಟಿಪ್ಪಣಿ ಬರೆದು ವಾಪಸ್ ಕಳಿಸುತ್ತಿದ್ದರು. ಆ ಟ್ಯೂಟರ್‌ಗಳ ಪಡೆಗೆ ಖರ್ಚೂ ಆಗುತ್ತಿತ್ತು.

ಅದೇ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುವಾಯಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. "ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಕಟ್ಟಿದ್ದೀನಿ" ಅನ್ನುವ ಮಾತು ಅಂಚೆ ಕಚೇರಿಯಲ್ಲೂ ಸ್ಟಾಫ್ ರೂಮಿನಲ್ಲೂ ಕೇಳುವ ಹಾಗಾಯಿತು. ಆದರೆ ಅದು ಡಿಗ್ರಿಯ ದಾರಿ. ಪ್ರಮೋಷನ್ ಬೇಕಾದವರಿಗೆ ಸರಿ. ಸುಮ್ನೆ ಕುಮಾರವ್ಯಾಸನನ್ನು ಓದಬೇಕು, ಮಾರ್ಕ್ಸ್ ಕಾರ್ಡ್ ಬೇಡ ಅನ್ನುವವರಿಗೆ ಅಲ್ಲಿ ಜಾಗ ಕಡಿಮೆ.

ಅಂಥವರಿಗೆ ಜಾಗ ಸಿಕ್ಕಿದ್ದು ವಿಶ್ವವಿದ್ಯಾಲಯಗಳ ಹೊರಗೆ. ಎರಡು ಉದಾಹರಣೆ ಹೇಳಬೇಕು. ಒಂದು ಸಾಗರದ ಹತ್ತಿರದ ಹೆಗ್ಗೋಡು. ಕೆ.ವಿ.ಸುಬ್ಬಣ್ಣ ಕಟ್ಟಿ ಬೆಳೆಸಿದ ನೀನಾಸಂನಲ್ಲಿ ಸಿನಿಮಾ ನೋಡುವುದನ್ನು ಕಲಿಸುವ ಶಿಬಿರವಾಗಿ ಆರಂಭವಾದದ್ದು ಮುಂದೆ ಸಂಸ್ಕೃತಿ ಶಿಬಿರವಾಯಿತು. ಮೇಷ್ಟ್ರು, ರೈತರು, ವಿದ್ಯಾರ್ಥಿಗಳು, ಬ್ಯಾಂಕಿನವರು ಕೆಲವು ದಿನ ಒಟ್ಟಿಗೆ ಉಳಿದು ಕವಿತೆ ಓದುತ್ತಾರೆ, ನಾಟಕ ನೋಡುತ್ತಾರೆ, ಊಟದ ಸಾಲಿನಲ್ಲೂ ಜಗಳ ಆಡುತ್ತಾರೆ. ಸಾಹಿತ್ಯದಲ್ಲಿ ತಿದ್ದುವುದು ಅಂದರೆ ಹೆಚ್ಚು ಕಡಿಮೆ ಇದೇ. "ನನಗೆ ಈ ಪದ್ಯ ಹಾಗೆ ಕಾಣಲಿಲ್ಲ" ಅಂತ ಪಕ್ಕದವರು ಹೇಳಬೇಕು. ಮೇಷ್ಟ್ರೇ ಹೇಳಬೇಕೆಂದಿಲ್ಲ.

ಇನ್ನೊಂದು ಬೆಂಗಳೂರಿನಲ್ಲಿ 1981ರಲ್ಲಿ ಶುರುವಾದ ಸಂಸ್ಕೃತ ಸಂಭಾಷಣಾ ಶಿಬಿರ, ಮುಂದೆ ಸಂಸ್ಕೃತ ಭಾರತಿ ಎಂಬ ಹೆಸರಿನಲ್ಲಿ ಬೆಳೆದದ್ದು. ಹತ್ತು ದಿನ, ದಿನಕ್ಕೆ ಎರಡು ಗಂಟೆ. ಲೋಟ ತೋರಿಸಿ, ಪುಸ್ತಕ ತೋರಿಸಿ, ಪ್ರಶ್ನೆ ಕೇಳಿ, ಉತ್ತರ ಹೇಳಿಸುವುದು. ರಾಮ ಶಬ್ದ ಬಾಯಿಪಾಠ ಮಾಡಿಯೂ ಸಂಸ್ಕೃತದಲ್ಲಿ ನೀರು ಕೇಳಲು ಬಾರದವರಿಗೆ ಇದು ಹೊಸ ಅನುಭವ. ಮುಂದಿನ ಓದಿಗೆ ಅಂಚೆ ಕೋರ್ಸ್ ಇತ್ತು: ಪ್ರವೇಶ, ಪರಿಚಯ, ಶಿಕ್ಷಾ, ಕೋವಿದ. ಬಾಯಿ ಮೊದಲು, ಬರಹ ಆಮೇಲೆ. ಈ ಕ್ರಮ ಸರಿ ಅಂತ ನನಗೂ ಅನ್ನಿಸುತ್ತದೆ. ವ್ಯಾಕರಣದ ಅಭಿಮಾನಿಗಳು ಒಪ್ಪಲಾರರು.

ಇಂಟರ್‌ನೆಟ್ ಬಂದಾಗ ಮೊದಲು ಓಡಿದ್ದು ಮತ್ತೆ ಪಾಠವೇ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸ್‌ಗೆ ಸುಮಾರು 1,60,000 ಜನ ಹೆಸರು ಬರೆಸಿದರು. 2012ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ವೇದಿಕೆಗಳು ಬಂದವು. ಲೆಕ್ಕದ ಉತ್ತರವನ್ನು ಕಂಪ್ಯೂಟರ್ ನೋಡಿಕೊಂಡಿತು. ಕವಿತೆಯ ಬಗ್ಗೆ ಬರೆದದ್ದನ್ನು ನೋಡುವವರು ಯಾರು? ವಿದ್ಯಾರ್ಥಿಗಳೇ ಒಬ್ಬರದ್ದನ್ನು ಒಬ್ಬರು ನೋಡಲಿ ಅಂದರು. ಕೆಲವು ಕಡೆ ಅದು ಚೆನ್ನಾಗಿ ನಡೆಯಿತು, ಹಲವು ಕಡೆ "ಚೆನ್ನಾಗಿದೆ" ಅನ್ನುವ ಒಂದು ಪದಕ್ಕೆ ನಿಂತಿತು.

ಒಂದು ಕೋರ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ ಫಿಲ್‌ರೈಸ್ 2012ರಲ್ಲಿ ಆಧುನಿಕ ಅಮೆರಿಕನ್ ಕಾವ್ಯದ ಹತ್ತು ವಾರದ ಕೋರ್ಸ್ ಕೊಟ್ಟರು. ಸುಮಾರು 36,000 ಜನ ಸೇರಿದರು. ಅವರ ವಿಡಿಯೊಗಳಲ್ಲಿ ಭಾಷಣ ಇಲ್ಲ. ಮೇಜಿನ ಸುತ್ತ ಕೂತ ಕೆಲವು ಹುಡುಗ ಹುಡುಗಿಯರ ಜೊತೆ ಒಂದೊಂದೇ ಪದ ಹಿಡಿದು ಕವಿತೆ ಓದುತ್ತಾರೆ. ಒಬ್ಬರು ತಡವರಿಸುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ನೋಡುವವರ ತಪ್ಪನ್ನು ಯಾರೂ ತಿದ್ದುವುದಿಲ್ಲ ನಿಜ. ಆದರೆ ತಿದ್ದಿಸಿಕೊಳ್ಳುವುದು ಹೇಗಿರುತ್ತದೆ ಅನ್ನುವುದಾದರೂ ಕಣ್ಣಿಗೆ ಬೀಳುತ್ತದೆ.

ಉಳಿದ ಕಡೆ ಉತ್ಸಾಹ ಬೇಗ ಇಳಿಯಿತು. ಹಾರ್ವರ್ಡ್ ಮತ್ತು ಎಂಐಟಿಯ ಎಡ್‌ಎಕ್ಸ್ ಕೋರ್ಸ್‌ಗಳಲ್ಲಿ 2017-18ರ ಹೊತ್ತಿಗೆ ಸೇರಿದ ನೂರರಲ್ಲಿ ಸುಮಾರು ಮೂವರು ಮಾತ್ರ ಕೋರ್ಸ್ ಮುಗಿಸುತ್ತಿದ್ದರು. ನಮ್ಮ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈನಲ್ಲಿ ಆರಂಭವಾಯಿತು. ಸಾಹಿತ್ಯ, ಭಾಷೆ, ಸಂಗೀತದ ಕೋರ್ಸ್‌ಗಳೂ ಅಲ್ಲಿವೆ. ಕಲಿಯಲು ದುಡ್ಡು ಬೇಡ, ಸರ್ಟಿಫಿಕೇಟ್ ಬೇಕಾದರೆ ಫೀಸು ಕಟ್ಟಿ ಪರೀಕ್ಷೆ ಬರೆಯಬೇಕು. ಒಳ್ಳೆ ಅಧ್ಯಾಪಕರ ಪಾಠ ಪುಕ್ಕಟೆ ಸಿಗುವುದು ಸಣ್ಣ ಮಾತಲ್ಲ. ಆದರೆ ವಾರದ ಅಸೈನ್‌ಮೆಂಟ್ ಎಷ್ಟೋ ಕಡೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು. ಕಾವ್ಯಕ್ಕೆ ಇದು ಸ್ವಲ್ಪ ವಿಚಿತ್ರ, ಅಲ್ವಾ?

ತಿದ್ದುವವರು ಪರದೆಗೆ ಬಂದದ್ದು ಇನ್ನೊಂದು ಬಾಗಿಲಿನಿಂದ. 2003ರಲ್ಲಿ ಸ್ಕೈಪ್ ಬಂತು. ಅಮೆರಿಕದಲ್ಲಿರುವ ನಮ್ಮವರು ಬೆಂಗಳೂರು, ಮೈಸೂರು, ಧಾರವಾಡದ ಗುರುಗಳನ್ನು ಹುಡುಕಿದರು. ಇಲ್ಲಿ ಬೆಳಗಿನ ಆರು ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ಹಿಂದಿನ ಸಂಜೆ ಐದೂವರೆ. ಗುರುಗಳಿಗೆ ಕಾಫಿಯ ಹೊತ್ತು, ಶಿಷ್ಯರಿಗೆ ಆಫೀಸ್ ಬಿಡುವ ಹೊತ್ತು. 2020ರ ಲಾಕ್‌ಡೌನ್‌ನಲ್ಲಿ ಪಕ್ಕದ ಬೀದಿಯವರೂ ಪರದೆಗೆ ಬಂದರು. ಝೂಮ್‌ನಲ್ಲಿ ದಿನಕ್ಕೆ ಸುಮಾರು ಒಂದು ಕೋಟಿಯಿದ್ದ ಭಾಗವಹಿಸುವಿಕೆ ನಾಲ್ಕೇ ತಿಂಗಳಲ್ಲಿ ಮೂವತ್ತು ಕೋಟಿಗೆ ಏರಿತು. ಗಮಕ, ಹಳೆಗನ್ನಡ ಓದು, ಸಂಸ್ಕೃತ, ವೀಣೆ, ಎಲ್ಲಕ್ಕೂ ಲಿಂಕ್ ಬಂತು. ಸ್ಕೈಪ್ ಮಾತ್ರ 2025ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿತು.

ಭಾಷೆಗೂ ಸಾಹಿತ್ಯಕ್ಕೂ ಪರದೆ ಚೆನ್ನಾಗಿಯೇ ಹೊಂದಿತು. ಸಂಗೀತಕ್ಕೆ ತೊಡಕು ಬಂತು. ದನಿ ಬೆಂಗಳೂರಿಂದ ಅಮೆರಿಕಕ್ಕೆ ಹೋಗಲು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಬೇಕು. ಮಾತಿಗೆ ಅದು ಲೆಕ್ಕವೇ ಅಲ್ಲ. ತಾಳಕ್ಕೆ ಬಹಳ ದೊಡ್ಡದು. ಸೆಕೆಂಡಿನ ಮೂವತ್ತನೇ ಒಂದು ಭಾಗ ತಡವಾದರೂ ಇಬ್ಬರು ಒಟ್ಟಿಗೆ ಹಾಡುವುದು ಕಷ್ಟ. ಹಾಗಾಗಿ ಗುರು-ಶಿಷ್ಯರು ಜೊತೆಯಾಗಿ ಹಾಡುವುದು ನಿಂತಿತು. ಗುರುಗಳು ಒಂದು ಸಾಲು ಹಾಡುತ್ತಾರೆ, ಶಿಷ್ಯರು ತಿರುಗಿ ಹಾಡುತ್ತಾರೆ. ತಾಳ ಹಾಕುವ ಹೊಣೆ ಶಿಷ್ಯರದೇ. ಇನ್ನೊಂದು ತಮಾಷೆ ನೋಡಿ. ಫ್ಯಾನ್, ಮಿಕ್ಸಿ ಥರದ ಒಂದೇ ಸಮನೆ ಬರುವ ಸದ್ದನ್ನು ಅಳಿಸಿಹಾಕುವುದು ಈ ಸಾಫ್ಟ್‌ವೇರ್‌ಗಳ ಕೆಲಸ. ತಂಬೂರಿಯೂ ಒಂದೇ ಸಮನೆ ಬರುತ್ತದಲ್ಲ. ಸಾಫ್ಟ್‌ವೇರ್‌ಗೆ ಅದೂ ಗಲಾಟೆಯೇ! ಕಡೆಗೆ ಝೂಮ್ ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಕೊಟ್ಟಿತು. ವೀಣೆ ಮೇಷ್ಟ್ರ ಕಷ್ಟಕ್ಕೆ ಅಂಥ ಬಟನ್ ಇಲ್ಲ. ಶಿಷ್ಯೆಯ ಬೆರಳು ಹಿಡಿದು ಮೆಟ್ಟಿನ ಮೇಲೆ ಸರಿಯಾಗಿ ಇಡಿಸಲು ಕೈ ಚಾಚಲಾಗುವುದಿಲ್ಲ.

ಆದರೆ ಇದೇ ತೊಡಕಿನಿಂದ ಒಂದು ಲಾಭವೂ ಆಯಿತು. ಗುಂಪಿನಲ್ಲಿ ಹಾಡುವಾಗ ಹಿಂದಿನ ಸಾಲಿನವರ ಅಪಸ್ವರ ಮುಂದಿನವರ ದನಿಯಲ್ಲಿ ಮುಚ್ಚಿಹೋಗುತ್ತಿತ್ತು. ಪರದೆಯಲ್ಲಿ ಎಲ್ಲರನ್ನೂ ಮ್ಯೂಟ್ ಮಾಡಿ ಒಬ್ಬೊಬ್ಬರನ್ನೇ ಹಾಡಿಸಬೇಕು. ಅಡಗಿಕೊಳ್ಳಲು ಜಾಗವಿಲ್ಲ. ಮಧ್ಯದ ದಿನಗಳಲ್ಲಿ ವಾಟ್ಸ್ಆ್ಯಪ್ ಇದೆ. ಶಿಷ್ಯರು ವರ್ಣದ ಪಲ್ಲವಿ ಹಾಡಿ ವಾಯ್ಸ್ ನೋಟ್ ಕಳಿಸುತ್ತಾರೆ, ಗುರುಗಳು ರಾತ್ರಿ ಕೇಳಿ "ಎರಡನೇ ಆವರ್ತದಲ್ಲಿ ನಿಷಾದ ಇಳಿದಿದೆ" ಅಂತ ಉತ್ತರ ಹಾಕುತ್ತಾರೆ.

ಫೀಸಿನ ಲೆಕ್ಕ ಇಲ್ಲೇ ಇದೆ. ರೆಕಾರ್ಡ್ ಆದ ಪಾಠವನ್ನು ಹತ್ತು ಜನ ನೋಡಲಿ, ಹತ್ತು ಲಕ್ಷ ಜನ ನೋಡಲಿ, ಖರ್ಚು ಹೆಚ್ಚು ಕಡಿಮೆ ಅಷ್ಟೇ. ತಿದ್ದುವವರ ಗಂಟೆಯಲ್ಲಿ ಅರ್ಧ ಗಂಟೆಯ ಎರಡು ಸ್ಲಾಟ್ ಮಾತ್ರ. ಆ ಕೇಳಿಸಿಕೊಳ್ಳುವ ಕೆಲಸವನ್ನು ಯಂತ್ರಕ್ಕೆ ಕೊಡುವ ಯತ್ನ ಈಗ ನಡೆದಿದೆ. ಉಚ್ಚಾರಣೆ ಕೇಳಿ ತಪ್ಪು ಹೇಳುವ, ಶ್ರುತಿಯನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳು ಬಂದಿವೆ. ಸಾ-ಪಾ-ಸಾ ಹಿಡಿಯುವ ಹೊಸಬರಿಗೆ ಅವು ಉಪಯೋಗಕ್ಕೆ ಬರುತ್ತವೆ. ತೋಡಿ ರಾಗದ ಗಾಂಧಾರದಂಥ ಸ್ವರ ಒಂದೆಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ನಿಂತ ಸ್ವರಕ್ಕೆ ಹೊಂದಿಸಿದ ಆ್ಯಪ್‌ಗೆ ಅದು ತಪ್ಪಾಗಿಯೇ ಕಾಣುತ್ತದೆ.

ಹೊಸ ಕೋರ್ಸ್‌ಗೆ ದುಡ್ಡು ಕಟ್ಟುವವರು ಸಿಲಬಸ್‌ಗಿಂತ ಮೊದಲು ಬೇರೆ ಮೂರು ವಿಷಯ ಕೇಳಿಕೊಳ್ಳುವುದು ಒಳ್ಳೆಯದು. ಬ್ಯಾಚ್‌ನಲ್ಲಿ ಎಷ್ಟು ಜನ? ಒಬ್ಬೊಬ್ಬರನ್ನೂ ಹಾಡಿಸುತ್ತೀರಾ, ಮಾತಾಡಿಸುತ್ತೀರಾ? ಬರೆದು ಕಳಿಸಿದ್ದನ್ನು ಓದುವವರು ಯಾರು? ಎಲ್ಲ ರೆಕಾರ್ಡಿಂಗ್ ಅಂದರೆ, ಅದೇ ಪಾಠ ಯೂಟ್ಯೂಬ್‌ನಲ್ಲಿ ಇದೆಯೇ ಅಂತ ಒಮ್ಮೆ ನೋಡಿ. ಎಷ್ಟೋ ಸಲ ಇರುತ್ತದೆ.