ಫೋನ್ ಕಿತ್ತಿಟ್ಟರೆ ಸಾಕಲ್ಲವೇ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಇನ್‌ಸ್ಟಾಗ್ರಾಂನಲ್ಲಿ ಗುರುತಿಲ್ಲದವನೊಬ್ಬ ದಿನಾ ಮೆಸೇಜ್ ಮಾಡ್ತಾನೆ. ಫೋನ್ ಕಿತ್ತಿಟ್ಟರೆ ಸಾಕಲ್ಲವೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಕಾಗಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳೋಣ.

ಮಕ್ಕಳಿಗೆ ಗಾಳ ಹಾಕುವವನು ಮೊದಲ ದಿನವೇ ಫೋಟೊ ಕೇಳುವುದಿಲ್ಲ. ರೀಲ್ಸ್‌ಗೆ ಲೈಕ್ ಒತ್ತುತ್ತಾನೆ, ಹೊಗಳುತ್ತಾನೆ, ಫ್ರೀ ಫೈರ್ ಮೊಬೈಲ್ ಗೇಮ್ ಆಡುವ ಮಗುವಾದರೆ ಅದರಲ್ಲಿ ದುಡ್ಡಿನಂತೆ ಬಳಸುವ ಡೈಮಂಡ್ ಹಾಕಿಸಿಕೊಡುತ್ತಾನೆ, ಅಮ್ಮ ಬೈದ ದಿನ ಸಮಾಧಾನ ಹೇಳುತ್ತಾನೆ. ಆಮೇಲೆ ಸ್ನ್ಯಾಪ್‌ಚಾಟ್‌ಗೆ ಬಾ ಅನ್ನುತ್ತಾನೆ. ಅಲ್ಲಿ ಮೆಸೇಜು ತಾನಾಗಿ ಅಳಿಯುತ್ತದೆ. ಫೋಟೊ ಕೈಗೆ ಸಿಕ್ಕ ಮೇಲೆ ಬೆದರಿಕೆ: "ಮನೇಲಿ ಹೇಳು ನೋಡೋಣ, ಫೋನೂ ಹೋಗುತ್ತೆ, ಸ್ಕೂಲೂ ಬಿಡಿಸ್ತಾರೆ." ಈ ಮಾತು ನಾಟುವುದೇ ನೀವು ಕಿತ್ತಿಡುವವರು ಎಂದು ಮಗುವಿಗೆ ಗೊತ್ತಿರುವುದರಿಂದ. ಅಂದರೆ ಅವನ ಕೈಗೆ ಕೋಲು ಕೊಟ್ಟವರು ನೀವೇ. ಇನ್ನು ಫೋನ್ ಬೀರುವಿನಲ್ಲಿದ್ದರೂ ಅಕೌಂಟ್ ಎಲ್ಲೂ ಹೋಗಿರುವುದಿಲ್ಲ. ಗೆಳತಿಯ ಮೊಬೈಲಿನಲ್ಲಿ, ಟ್ಯೂಷನ್ ನೋಟ್ಸ್ ನೆಪದಲ್ಲಿ ತಗೊಂಡ ಅಜ್ಜಿಯ ಫೋನಿನಲ್ಲಿ ಅದೇ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ. ಮುಚ್ಚಿಹೋಗುವುದು ಮಗಳು ನಿಮಗೆ ಹೇಳುವ ದಾರಿ ಮಾತ್ರ.

ಆದ್ದರಿಂದ ಮೊದಲ ಮಾತು, "ತಪ್ಪು ನಿನ್ನದಲ್ಲ, ಫೋನ್ ಕಿತ್ಕೊಳ್ಳಲ್ಲ." ಸಿಟ್ಟಿಗೆ ಚಾಟ್ ಅಳಿಸಬೇಡಿ, ಸಾಕ್ಷಿ ಹೋಗುತ್ತದೆ. ಬ್ಲಾಕ್ ಮಾಡುವ ಮುಂಚೆ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ನ್ಯಾಪ್‌ಚಾಟ್‌ನಲ್ಲಾದರೆ ಸ್ಕ್ರೀನ್‌ಶಾಟ್ ತೆಗೆದದ್ದು ಅವನಿಗೆ ತಿಳಿಯುತ್ತದೆ. ಇನ್ನೊಂದು ಫೋನಿನಿಂದ ಪರದೆಯ ಫೋಟೊ ಹೊಡೆಯಿರಿ. ಆದರೆ ಮಗುವಿನ ಖಾಸಗಿ ಚಿತ್ರವನ್ನು ನಕಲು ಮಾಡಬೇಡಿ, ಸೋದರಮಾವನಿಗೂ ಫಾರ್ವರ್ಡ್ ಮಾಡಬೇಡಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಮಿನಡಿ ಅದೂ ಅಪರಾಧವೇ. ಫೋನನ್ನು ಇದ್ದ ಹಾಗೇ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಒಯ್ಯಿರಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮಾನ ಹೋಗುತ್ತೆ ಅನ್ನುವವರಿಗೆ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮನೆಗೇ ಬಂದು ಬರೆದುಕೊಳ್ಳಬಹುದು, ಮಾಧ್ಯಮದವರು ಮಗುವಿನ ಗುರುತು ಹೇಳುವಂತಿಲ್ಲ.

ಗಂಡುಮಕ್ಕಳ ವಿಷಯ ಯಾರೂ ಕೇಳುವುದೇ ಇಲ್ಲ. ಪಿಯು ಹಾಸ್ಟೆಲ್ ಹುಡುಗರಿಗೆ ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬರುತ್ತದೆ, ರಾತ್ರಿ ವಿಡಿಯೊ ಕಾಲ್, ರೆಕಾರ್ಡಿಂಗ್, ಬೆಳಗಾಗುವುದರೊಳಗೆ ದುಡ್ಡಿನ ಬೇಡಿಕೆ. ಕೊಟ್ಟರೆ ಮತ್ತೆ ಕೇಳುತ್ತಾರೆ. ಕೊಟ್ಟಾಗಿದ್ದರೆ ದುಡ್ಡು ಕಳಿಸಿದ್ದರ ಯುಟಿಆರ್ ನಂಬರ್ (ವ್ಯವಹಾರದ ಗುರುತಿನ ಸಂಖ್ಯೆ) ಹಿಡಿದು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೋಕ್ಸೊ 18 ತುಂಬದ ಹುಡುಗರಿಗೂ ಅನ್ವಯ.

ಹಾಗೆಯೇ ಹೆಣ್ಣಾಗಲಿ ಗಂಡಾಗಲಿ, ಮಕ್ಕಳ ಅಕೌಂಟಿನಲ್ಲಿ ಹುಟ್ಟಿದ ಇಸವಿ ನೋಡಿ. 2000 ಅಂತ ಹಾಕಿದ್ದರೆ ಇನ್‌ಸ್ಟಾಗ್ರಾಂ ಅವರನ್ನು ದೊಡ್ಡವರೆಂದು ಲೆಕ್ಕ ಹಾಕಬಹುದು, ಹದಿಹರೆಯದವರಿಗೆಂದು ಇರುವ ತಡೆಗಳು ಕೆಲಸ ಮಾಡದೇ ಹೋಗಬಹುದು.