ವೈ-ಫೈ ಪಾಸ್‌ವರ್ಡ್ ಬದಲಿಸುವ ಮೊದಲು: ಮೂರು ಪಾಸ್‌ವರ್ಡ್, ಒಂದು ರೀಸೆಟ್ ಬಟನ್

ಮನೆಯ ರೂಟರ್ ಬಗ್ಗೆ ಓದುವಾಗ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಪಾಸ್‌ವರ್ಡ್ ಎಂದರೆ ಒಂದೇ ಎಂದುಕೊಳ್ಳುತ್ತೇವೆ. ಆ ಪುಟ್ಟ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ. ಯಾವುದನ್ನು ಮುಟ್ಟುತ್ತಿದ್ದೇವೆ ಅಂತ ಗೊತ್ತಿದ್ದರೆ ಇದು ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದೆ ಕೈ ಹಾಕಿದರೆ, ಅದರಲ್ಲೂ ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಯಲ್ಲಿ ಕೈ ಹಾಕಿದರೆ, ಇಂಟರ್ನೆಟ್ಟೇ ಇಲ್ಲದೆ ದಿನಗಟ್ಟಲೆ ಕೂರಬೇಕಾಗುತ್ತದೆ.

ಮೊದಲನೆಯದು ವೈ-ಫೈ ಪಾಸ್‌ವರ್ಡ್. ಫೋನಿನಲ್ಲಿ, ಟಿವಿಯಲ್ಲಿ ನಾವು ಹೊಡೆಯುವುದು ಇದನ್ನೇ. ಎರಡನೆಯದು ರೂಟರಿನ ಅಡ್ಮಿನ್ ಪಾಸ್‌ವರ್ಡ್. ಇದು ರೂಟರಿನ ಸೆಟ್ಟಿಂಗ್ಸ್ ಪುಟ ತೆರೆಯಲು ಬೇಕು. ಮೂರನೆಯದನ್ನು ಮನೆಯವರು ಎಂದೂ ನೋಡಿರುವುದಿಲ್ಲ. ಸಂಪರ್ಕ ಕೊಟ್ಟ ಕಂಪನಿಯವರು ಮೊದಲ ದಿನ ಬಂದಾಗ ಡಬ್ಬಿಯೊಳಗೆ ತುಂಬಿಸಿ ಹೋಗುವ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಅದು. ಹಲವು ಫೈಬರ್ ಸಂಪರ್ಕಗಳಲ್ಲಿ ಸೆಟ್ಟಿಂಗ್ಸ್ ಪುಟದ ಪಿಪಿಪಿಓಇ (PPPoE) ಎಂಬ ಹೆಸರಿನ ಕೆಳಗೆ ಇರುತ್ತದೆ. ನಿಮ್ಮ ರೂಟರ್ ಕಂಪನಿಯ ಸರ್ವರಿಗೆ 'ನಾನು ಇಂಥ ಗ್ರಾಹಕ' ಎಂದು ಹೇಳಿಕೊಳ್ಳುವುದು ಇದರಿಂದ. ನಾವು ಬದಲಿಸಬೇಕಾದ್ದು ಮೊದಲ ಎರಡನ್ನು. ಮೂರನೆಯದನ್ನು ಮುಟ್ಟಲೇಬಾರದು.

ರೀಸೆಟ್ ಬಟನ್ ವಿಷಯ ಮೊದಲೇ ಹೇಳಿಬಿಡುತ್ತೇನೆ

ರೂಟರಿನ ಹಿಂಬದಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಒಳಗೆ ರೀಸೆಟ್ ಬಟನ್. ಅಡ್ಮಿನ್ ಪಾಸ್‌ವರ್ಡ್ ಮರೆತುಹೋದರೆ ಇದನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿ ಅಂತ ಯಾವ ವಿಡಿಯೋ ನೋಡಿದರೂ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. ಒತ್ತಿದರೆ ರೂಟರ್ ಫ್ಯಾಕ್ಟರಿಯಿಂದ ಬಂದ ಹಾಗೆ ಆಗುತ್ತದೆ, ಹಿಂದೆ ಅಂಟಿಸಿರುವ ಲೇಬಲ್ಲಿನ ಪಾಸ್‌ವರ್ಡ್ ಮತ್ತೆ ಕೆಲಸ ಮಾಡುತ್ತದೆ. ಆದರೆ ಅದರ ಜೊತೆಗೆ ಆ ಮೂರನೆಯ ಪಾಸ್‌ವರ್ಡ್ ಕೂಡ ಅಳಿಸಿಹೋಗಬಹುದು. ಆಗ ವೈ-ಫೈ ಬರುತ್ತದೆ, ಫೋನ್ ಕನೆಕ್ಟ್ ಆಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ.

ಶಿವಮೊಗ್ಗ ಪೇಟೆಯಲ್ಲಾದರೆ ಫೋನ್ ಮಾಡಿದರೆ ಸಂಜೆಯೊಳಗೆ ಯಾರಾದರೂ ಬಂದು ಸರಿ ಮಾಡಬಹುದು. ಜುಲೈ ತಿಂಗಳಲ್ಲಿ ಘಟ್ಟದ ಅಂಚಿನ ಊರುಗಳಲ್ಲಿ ಅದು ಅಷ್ಟು ಸುಲಭ ಅಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಕರೆಂಟ್ ಇರುವುದಿಲ್ಲ, ಲೈನ್ ನೋಡುವವರು ಇನ್ನೊಂದು ಊರಿನಲ್ಲಿ ಕಂಬ ಹತ್ತಿರುತ್ತಾರೆ. ಹಾಗಾಗಿ ರೀಸೆಟ್ ಒತ್ತುವ ಮೊದಲು ಕಂಪನಿಗೆ ಫೋನ್ ಮಾಡಿ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ರೂಟರಿನಲ್ಲಿ ತುಂಬಬೇಕಾದ ವಿಎಲ್ಎಎನ್ (VLAN, ಕಂಪನಿಯ ಲೈನಿನ ಗುರುತು) ನಂಬರ್ ಅಂತ ಏನಾದರೂ ಇದೆಯಾ ಅಂತಲೂ ಕೇಳಿ. ಅವರು ಕೊಡದಿದ್ದರೆ ರೀಸೆಟ್ ಬೇಡ, ಅವರ ಕಡೆಯವರೇ ಬಂದು ಮಾಡಲಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ನೆಟ್ ಹೋದ ತಕ್ಷಣ ಪಾಸ್‌ವರ್ಡ್ ಮೇಲೆ ಅನುಮಾನ ಪಡಬೇಡಿ. ಡಬ್ಬಿಯ ಮೇಲೆ ಎಲ್‌ಓಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ತಂತಿ ಎಲ್ಲೋ ತುಂಡಾಗಿದೆ, ಇಲ್ಲವೇ ಬಗ್ಗಿದೆ, ಇಲ್ಲವೇ ಕನೆಕ್ಟರ್ ಸಡಿಲಾಗಿದೆ. ಅದಕ್ಕೆ ಪಾಸ್‌ವರ್ಡ್ ಬದಲಿಸಿದರೂ ಅಷ್ಟೇ, ರೀಸೆಟ್ ಮಾಡಿದರೂ ಅಷ್ಟೇ. ರಸ್ತೆ ಬದಿಯ ಲೈನ್ ಮೇಲೆ ಕೊಂಬೆ ಬಿದ್ದಿದೆಯಾ ನೋಡಿ ಫೋನ್ ಮಾಡುವುದೊಂದೇ ದಾರಿ.

ಇಷ್ಟಕ್ಕೂ ಬದಲಿಸಬೇಕು ಯಾಕೆ

"ಈ ಕಾಡಲ್ಲಿ ನಮ್ಮ ವೈ-ಫೈ ಕದಿಯಕ್ಕೆ ಯಾರು ಬರ್ತಾರೆ, ಮಂಗ ಬರತ್ತಾ?" ಅಂತ ನಮ್ಮ ದೊಡ್ಡಮ್ಮ ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ನಿಂತು ಫೋನ್ ತೆಗೆದರೆ ಅಕ್ಕಪಕ್ಕದ ಮನೆಗಳ ವೈ-ಫೈ ಹೆಸರುಗಳು ಸಾಲಾಗಿ ಕಾಣುತ್ತವೆ. ತೋಟದ ನಡುವಿನ ಮನೆಯಲ್ಲಿ ಕಾಣುವುದು ನಮ್ಮದೊಂದೇ. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟಿ ಸಿಗ್ನಲ್ ಅಂಗಳಕ್ಕೆ ಬಂದರೇ ಹೆಚ್ಚು.

ಆದರೆ ದೊಡ್ಡಮ್ಮನ ಮನೆಯ ಪಾಸ್‌ವರ್ಡ್ ಹೊರಗೆ ಹೋಗಿದ್ದು ಸಿಗ್ನಲ್ ಮೂಲಕ ಅಲ್ಲ, ಬಾಯಿ ಮೂಲಕ. ಮದುವೆಗೆ ಬಂದ ನೆಂಟರಿಗೆ ಕೊಟ್ಟಿದ್ದಾರೆ. ಅಡಿಕೆ ಕೊನೆ ಕೊಯ್ಯಲು ಬಂದ ಹುಡುಗರಿಗೆ ಕೊಟ್ಟಿದ್ದಾರೆ. ಹೋಂಸ್ಟೇ ನಡೆಸುವ ಮನೆಗಳಲ್ಲಂತೂ ಬಂದವರಿಗೆಲ್ಲ ಮೊದಲು ಕೊಡುವುದೇ ಅದು, ಕಾಫಿಗಿಂತ ಮುಂಚೆ. ಕೊಟ್ಟಿದ್ದು ತಪ್ಪಲ್ಲ. ಹಾಗೆ ಕೊಟ್ಟ ಪಾಸ್‌ವರ್ಡ್ ವರ್ಷಗಟ್ಟಲೆ ಅದೇ ಇರುವುದು ತೊಂದರೆ. ಆ ಪಾಸ್‌ವರ್ಡ್ ಇದ್ದವರು ನೆಟ್ ಬಳಸುವುದಷ್ಟೇ ಅಲ್ಲ, ಮನೆಯ ನೆಟ್‌ವರ್ಕಿನ ಒಳಗೇ ಬಂದ ಹಾಗೆ. ಒಳಗೆ ಬಂದವರಿಗೆ ರೂಟರಿನ ಸೆಟ್ಟಿಂಗ್ಸ್ ಪುಟವೂ ತೆರೆಯುತ್ತದೆ. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಲೇ ಇದ್ದರೆ ಉಳಿದಿದ್ದು ಹೇಳಬೇಕಿಲ್ಲ ಅಲ್ವಾ? ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಿಸಿ.

ಪುಟ ತೆರೆಯುವುದು

ಫೋನನ್ನೋ ಲ್ಯಾಪ್‌ಟಾಪನ್ನೋ ಆ ವೈ-ಫೈಗೆ ಕನೆಕ್ಟ್ ಮಾಡಿ. ಲ್ಯಾನ್ ಕೇಬಲ್ ಇದ್ದರೆ ಅದೇ ಒಳ್ಳೆಯದು, ಪಾಸ್‌ವರ್ಡ್ ಬದಲಾದಾಗಲೂ ಸಂಪರ್ಕ ತಪ್ಪುವುದಿಲ್ಲ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಸರಿಯಾದ್ದು ಲೇಬಲ್ ಮೇಲೆ ಇರುತ್ತದೆ. ಲೇಬಲ್ ಅಳಿಸಿಹೋಗಿದ್ದರೆ ಫೋನಿನ ವೈ-ಫೈ ವಿವರಗಳಲ್ಲಿ 'ಗೇಟ್‌ವೇ' ಎಂದಿರುವ ನಂಬರ್ ನೋಡಿ, ಅದೇ ಇದು. 192.168ರಿಂದ ಶುರುವಾಗುವ ಈ ವಿಳಾಸಗಳು ಮನೆ, ಕಚೇರಿಗಳ ಒಳಗಿನ ಬಳಕೆಗೆಂದೇ ಮೀಸಲಿಟ್ಟವು. ಹಾಗಾಗಿ ಸಾಗರದ ಮನೆಯ ರೂಟರೂ ಭದ್ರಾವತಿಯ ಮನೆಯ ರೂಟರೂ ಒಂದೇ ವಿಳಾಸ ಇಟ್ಟುಕೊಂಡರೂ ಜಗಳ ಬರುವುದಿಲ್ಲ.

ಪುಟ ತೆರೆಯದಿದ್ದರೆ ಎರಡು ವಿಷಯ ನೋಡಿ. ಒಂದು, ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ವೈ-ಫೈನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಫೋನ್ ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಹಾರುತ್ತದೆ, ಆಗ ಮನೆಯೊಳಗಿನ ವಿಳಾಸ ಅದಕ್ಕೆ ಸಿಗುವುದಿಲ್ಲ. ಎರಡು, ಆ ನಂಬರನ್ನು ಹುಡುಕುವ ಜಾಗದಲ್ಲಿ ಹಾಕದೆ ಬ್ರೌಸರಿನ ಮೇಲಿರುವ ವಿಳಾಸದ ಪಟ್ಟಿಯಲ್ಲೇ ಹಾಕಿ. 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ಹೆದರಬೇಡಿ. ನೀವು ಮಾತಾಡುತ್ತಿರುವುದು ನಿಮ್ಮ ಗೋಡೆಯ ಮೇಲಿನ ಡಬ್ಬಿಯ ಜೊತೆಗೇ.

ಲೇಬಲ್ ಓದುವಾಗ ನಿಧಾನ. ನಮ್ಮ ಕಡೆಯ ಥಂಡಿಗೆ ಕಾಗದ ಉಬ್ಬಿ ಶಾಯಿ ಹರಡಿರುತ್ತದೆ. ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ, ಒಂದೋ ಸಣ್ಣ 'ಎಲ್' ಅಕ್ಷರವೋ ಅಂತ ತಿಳಿಯುವುದಿಲ್ಲ. ಟಾರ್ಚ್ ಹಾಕಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಆ ಫೋಟೋ ಅಳಿಸಬೇಡಿ, ಮುಂದಿನ ಮಳೆಗಾಲದ ಹೊತ್ತಿಗೆ ಲೇಬಲ್ ಉಳಿದಿರುತ್ತದೋ ಇಲ್ಲವೋ.

ಒಳಗೆ ಹೋದ ಮೇಲೆ 'ವೈರ್‌ಲೆಸ್' ಅಥವಾ 'ಡಬ್ಲ್ಯೂಲ್ಯಾನ್' ಎಂಬ ಮೆನು ಹುಡುಕಿ. ಅದರಲ್ಲಿ 'ಸೆಕ್ಯೂರಿಟಿ' ಇರುತ್ತದೆ. 'ಪಾಸ್‌ಫ್ರೇಸ್' ಅಥವಾ 'ಪ್ರೀ-ಶೇರ್ಡ್ ಕೀ' ಎಂದು ಬರೆದಿರುವ ಜಾಗವೇ ವೈ-ಫೈ ಪಾಸ್‌ವರ್ಡ್. ಬದಲಿಸಿ, 'ಸೇವ್' ಅಥವಾ 'ಅಪ್ಲೈ' ಒತ್ತಿ. 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ವೈ-ಫೈ ತರಂಗಗಳು ಬೇರೆ ಬೇರೆ ಪುಟದಲ್ಲಿದ್ದರೆ ಎರಡರಲ್ಲೂ ಬದಲಿಸಬೇಕು. ಒಂದನ್ನು ಬಿಟ್ಟರೆ ಹಳೆಯ ಪಾಸ್‌ವರ್ಡ್ ಅಲ್ಲಿ ಹಾಗೇ ಜೀವಂತವಾಗಿರುತ್ತದೆ. ಸೇವ್ ಒತ್ತಿದ ಕೂಡಲೇ ನಿಮ್ಮ ಫೋನ್ ಕನೆಕ್ಷನ್ ಕಳೆದುಕೊಳ್ಳುತ್ತದೆ. ಅದು ಕೆಟ್ಟಿದ್ದಲ್ಲ, ಕೆಲಸ ಆಗಿದೆ ಎಂಬುದಕ್ಕೆ ಗುರುತು. ಫೋನಿನಲ್ಲಿ ಆ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ ಹೊಸ ಪಾಸ್‌ವರ್ಡ್ ಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸುವ ಜಾಗ ಬೇರೆ, ಸಾಮಾನ್ಯವಾಗಿ 'ಮ್ಯಾನೇಜ್‌ಮೆಂಟ್' ಅಥವಾ 'ಸಿಸ್ಟಮ್ ಟೂಲ್ಸ್' ಕೆಳಗೆ.

ಎಂಥ ಪಾಸ್‌ವರ್ಡ್: ಇಲ್ಲಿ ಸ್ವಲ್ಪ ನಿಂತು ಓದಿ

ನನ್ನ ಪ್ರಕಾರ ಇಡೀ ಪಾಠದಲ್ಲಿ ತಲೆಗೆ ಹಾಕಿಕೊಳ್ಳಬೇಕಾದ ಭಾಗ ಇದು. ವೈ-ಫೈ ಪಾಸ್‌ವರ್ಡ್ ಕನಿಷ್ಠ 8 ಅಕ್ಷರ, ಗರಿಷ್ಠ 63. ರೂಟರ್ ಅದನ್ನು ಹಾಗೇ ಬಳಸುವುದಿಲ್ಲ. ಡಬ್ಲ್ಯೂಪಿಎ-2 (WPA2) ಎಂಬ ವೈ-ಫೈ ಸುರಕ್ಷತೆಯ ಪದ್ಧತಿಯಲ್ಲಿ ಪಾಸ್‌ವರ್ಡನ್ನು ನೆಟ್‌ವರ್ಕಿನ ಹೆಸರಿನ ಜೊತೆ ಸೇರಿಸಿ 4096 ಸಲ ಒಂದು ಲೆಕ್ಕದೊಳಗೆ ಹಾಯಿಸಿ 256 ಬಿಟ್‌ನ ಕೀ ಮಾಡಿಕೊಳ್ಳುತ್ತದೆ. ನಿಮ್ಮ ಫೋನೂ ಅದೇ ಲೆಕ್ಕ ಮಾಡುತ್ತದೆ. ಇಬ್ಬರ ಉತ್ತರವೂ ಒಂದೇ ಎಂದು ನಾಲ್ಕು ಸಂದೇಶಗಳಲ್ಲಿ ಖಾತ್ರಿ ಮಾಡಿಕೊಳ್ಳುತ್ತಾರೆ, ಕೀಯನ್ನು ಮಾತ್ರ ಗಾಳಿಯಲ್ಲಿ ಕಳಿಸುವುದಿಲ್ಲ. ಹೆಸರೂ ಲೆಕ್ಕದಲ್ಲಿ ಸೇರುವುದರಿಂದ ಎರಡು ಮನೆಗಳಲ್ಲಿ ಒಂದೇ ಪಾಸ್‌ವರ್ಡ್ ಇದ್ದರೂ ಹೆಸರು ಬೇರೆಯಾದರೆ ಕೀ ಬೇರೆ.

ತೊಂದರೆ ಎಲ್ಲಿ? ಆ ನಾಲ್ಕು ಸಂದೇಶಗಳನ್ನು ಹತ್ತಿರದಲ್ಲಿದ್ದ ಯಾರಾದರೂ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಆರಾಮಾಗಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದು. ರೂಟರಿಗೆ ಇದು ಗೊತ್ತೇ ಆಗುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಮಾಡಬಹುದು. ಈಗ ಲೆಕ್ಕ ಹಾಕಿ. ಬರೀ ಅಂಕಿಗಳ 8 ಅಕ್ಷರದ ಪಾಸ್‌ವರ್ಡ್ ಎಂದರೆ ಒಟ್ಟು 10 ಕೋಟಿ ಸಾಧ್ಯತೆ. ಸೆಕೆಂಡಿಗೆ 5 ಲಕ್ಷ ಎಂದರೂ 200 ಸೆಕೆಂಡಿನಲ್ಲಿ ಎಲ್ಲವೂ ಮುಗಿಯುತ್ತದೆ. ಹುಟ್ಟಿದ ತಾರೀಖು ಇನ್ನೂ ಸುಲಭ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಮನೆಯವರ ಮೊಬೈಲ್ ನಂಬರ್. ಹತ್ತು ಅಂಕಿ ಇದೆಯಲ್ಲ, ಗಟ್ಟಿ ಅನ್ನಿಸುತ್ತದೆ. ಆದರೆ ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದಲೇ ಶುರುವಾಗುತ್ತವೆ, ಅಂದರೆ 400 ಕೋಟಿ ಸಾಧ್ಯತೆ. ಅದೇ ವೇಗದಲ್ಲಿ ಎರಡು ಗಂಟೆ ಚಿಲ್ಲರೆ ಸಾಕು. ಅದೂ ಬೇಕಿಲ್ಲ, ಹೋಂಸ್ಟೇ ಆದರೆ ಆ ನಂಬರ್ ಗೇಟಿನ ಬೋರ್ಡ್ ಮೇಲೇ ಇರುತ್ತದೆ.

ಹಾಗಾದರೆ ನೆನಪಿಡಲಾಗದ ಗೀಚು ಅಕ್ಷರಗಳೇ ಬೇಕಾ? ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿ. 'ಹಂಡೆ ಕೊಡೆ ಗರಗಸ ಪುನರ್ಪುಳಿ ಹದಿನೇಳು' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಉದ್ದವೂ ಆಯಿತು, ಅಜ್ಜಿಗೂ ಬಾಯಿಗೆ ಬಂತು. ಇದನ್ನೇ ಇಡಬೇಡಿ, ನಿಮ್ಮದೇ ಪದಗಳನ್ನು ಆರಿಸಿ. ಗಾದೆ ಬೇಡ, ಹಾಡಿನ ಸಾಲು ಬೇಡ, ಊರು ಮತ್ತು ಪಿನ್‌ಕೋಡ್ ಬೇಡ. ಪದಗಳು ಮನಸ್ಸಿಗೆ ಬಂದ ಹಾಗೆ ಅಲ್ಲ, ಕಣ್ಣು ಮುಚ್ಚಿ ನಿಘಂಟಿನ ಪುಟ ತೆರೆದು ಆರಿಸಿದರೆ ಇನ್ನೂ ಒಳ್ಳೆಯದು.

ಕನ್ನಡ ಅಕ್ಷರದಲ್ಲೇ ಪಾಸ್‌ವರ್ಡ್ ಇಡಬಹುದಾ ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಆಗುವುದಿಲ್ಲ. ಈ ಪದ್ಧತಿ ಒಪ್ಪುವುದು ಇಂಗ್ಲಿಷ್ ಕೀಬೋರ್ಡಿನ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ. ನೆಟ್‌ವರ್ಕಿನ ಹೆಸರನ್ನು ಬೇಕಾದರೆ ಕನ್ನಡದಲ್ಲಿ ಇಡಬಹುದು, ರೂಟರ್ ಒಪ್ಪಿದರೆ. ಆದರೆ ಹೆಸರಿಗೆ ಇರುವ ಜಾಗ 32 ಬೈಟ್. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ 3 ಬೈಟ್, ಅದಕ್ಕೆ ಹತ್ತಿದ ಗುಣಿತದ ಚಿಹ್ನೆಗೂ ಬೇರೆ 3 ಬೈಟ್. 'ಮಲೆನಾಡು' ಎಂದರೆ ಮ, ಲ, ಎತ್ವ, ನ, ಆತ್ವದ ದೀರ್ಘ, ಡ, ಉತ್ವ, ಒಟ್ಟು ಏಳು ಸೇರಿ 21 ಬೈಟ್. ಇನ್ನೊಂದು 'ಮನೆ' ಸೇರಿಸಿದರೆ 30. ಅಲ್ಲಿಗೆ ಮುಗಿಯಿತು.

ಸೆಕ್ಯೂರಿಟಿ ಮೋಡ್ ಯಾವುದು

ಹಳೆಯದು ಡಬ್ಲ್ಯೂಇಪಿ, 1997ರದ್ದು. 2001ರ ಹೊತ್ತಿಗೇ ಅದು ಒಡೆದುಹೋಯಿತು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ-2, 2018ರಲ್ಲಿ ಡಬ್ಲ್ಯೂಪಿಎ-3 ಬಂದವು. ಡಬ್ಲ್ಯೂಪಿಎ-3ರ ದೊಡ್ಡ ಲಾಭ ಏನೆಂದರೆ, ಮೇಲೆ ಹೇಳಿದ 'ಮನೆಗೆ ಹೋಗಿ ಊಹಿಸುವ' ಕೆಲಸ ನಡೆಯುವುದಿಲ್ಲ. ಒಂದೊಂದು ಊಹೆಗೂ ರೂಟರಿನ ಜೊತೆಗೇ ಮಾತಾಡಬೇಕು. ಆದರೆ ಹಳೆಯ ಫೋನ್, ಟಿವಿಗಳಿಗೆ ಇದು ಬರುವುದಿಲ್ಲ. ಡಬ್ಲ್ಯೂಪಿಎ-2, ಡಬ್ಲ್ಯೂಪಿಎ-3 ಎರಡೂ ಸೇರಿದ ಮಿಶ್ರ ಮೋಡ್ ಇದ್ದರೆ ಅದನ್ನು ಇಡಿ, ಇಲ್ಲದಿದ್ದರೆ ಡಬ್ಲ್ಯೂಪಿಎ-2 ಜೊತೆ ಎಇಎಸ್ (AES, ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ). ಟಿಕೆಐಪಿ (TKIP) ಎಂಬ ಹಳೆಯ ವಿಧಾನ ಇದ್ದರೆ ಬೇಡ.

ಡಬ್ಲ್ಯೂಪಿಎಸ್ (WPS) ಎಂಬ ಬಟನ್ ಇರುತ್ತದೆ, ಪಾಸ್‌ವರ್ಡ್ ಇಲ್ಲದೆ ಕನೆಕ್ಟ್ ಆಗಲು. ಇದರಲ್ಲಿ 8 ಅಂಕಿಯ ಪಿನ್ ಕೂಡ ಇದೆ. ಅದನ್ನು ರೂಟರ್ ಎರಡು ಅರ್ಧವಾಗಿ ಬೇರೆ ಬೇರೆ ತಾಳೆ ನೋಡುತ್ತದೆ, ಕೊನೆಯ ಅಂಕಿ ಬರೀ ಲೆಕ್ಕದ ಪರಿಶೀಲನೆಗೆ. ಹಾಗಾಗಿ 10,000 ಮತ್ತು 1,000 ಸೇರಿ ಹೆಚ್ಚೆಂದರೆ 11,000 ಪ್ರಯತ್ನ ಸಾಕು ಎಂದು 2011ರಲ್ಲೇ ಬಯಲಾಯಿತು. ಆಫ್ ಮಾಡಿ. ನೆಟ್‌ವರ್ಕಿನ ಹೆಸರು ಮುಚ್ಚಿಡುವುದರಿಂದ ಮಾತ್ರ ಏನೂ ಪ್ರಯೋಜನ ಇಲ್ಲ, ಸುಮ್ನೆ ಮನೆಯವರಿಗೇ ಕಷ್ಟ.

ಬದಲಿಸಿದ ಮೇಲಿನ ಕೆಲಸ

ಮನೆಯ ಎಲ್ಲ ಸಾಧನಗಳಿಗೂ ಹೊಸ ಪಾಸ್‌ವರ್ಡ್ ಹಾಕಬೇಕು. ಫೋನ್, ಟಿವಿ ಸುಲಭ. ಎಲ್ಲರೂ ಮರೆಯುವುದು ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾ. ಅದಕ್ಕೆ ಪಾಸ್‌ವರ್ಡ್ ಹೊಡೆಯಲು ಕೀಲಿಗಳೇ ಇಲ್ಲ, ಏಣಿ ಹಾಕಿ ಹತ್ತಿ ಅದರ ಬಟನ್ ಒತ್ತಿ ಆ್ಯಪಿನಲ್ಲಿ ಮತ್ತೆ ಮೊದಲಿಂದ ಸೇರಿಸಬೇಕಾಗುತ್ತದೆ. ಇಂಥ ಕ್ಯಾಮೆರಾಗಳು ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಆ ಕ್ಷಣ ನಿಮ್ಮ ಫೋನೂ ಅದರಲ್ಲೇ ಇರಲಿ. ಕೊಯ್ಲಿನ ಸಮಯದಲ್ಲಿ, ಅಂಗಳದ ತುಂಬ ಅಡಿಕೆ ಇರುವಾಗ ಸಂಜೆ ಹೊತ್ತು ಈ ಕೆಲಸ ಹಚ್ಚಿಕೊಳ್ಳಬೇಡಿ. ಬೆಳಿಗ್ಗೆ ಮಾಡಿದರೆ ಕತ್ತಲಾಗುವ ಮುಂಚೆ ಎಲ್ಲವೂ ಮತ್ತೆ ಹತ್ತಿರುತ್ತದೆ.

ಪಾಸ್‌ವರ್ಡ್ ಬದಲಿಸುವಾಗ ಕರೆಂಟ್ ಹೋದರೆ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ, ಮತ್ತೆ ಮಾಡಿದರಾಯಿತು. ಅದೇ ಪುಟದಲ್ಲಿ 'ಫರ್ಮ್‌ವೇರ್ ಅಪ್‌ಡೇಟ್' (ರೂಟರಿನೊಳಗಿನ ಸಾಫ್ಟ್‌ವೇರ್ ಹೊಸದು ಮಾಡುವುದು) ಕಾಣುತ್ತದೆ, ಅದು ಬೇರೆ ಮಾತು. ಅದರ ನಡುವೆ ಕರೆಂಟ್ ಹೋದರೆ ರೂಟರ್ ಏಳದೇ ಇರಬಹುದು. ರೂಟರ್ ಇನ್ವರ್ಟರ್ ಮೇಲೆ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ, ಗುಡುಗು ಸಿಡಿಲಿನ ದಿನ ಅಂತೂ ಬೇಡವೇ ಬೇಡ.

ಇನ್ನು ಬಂದವರಿಗೆ ಕೊಡುವ ವಿಷಯ. ಇದಕ್ಕೆ 'ಗೆಸ್ಟ್ ನೆಟ್‌ವರ್ಕ್' ಎಂಬ ಸೌಲಭ್ಯ ಈಗಿನ ಬಹುತೇಕ ರೂಟರುಗಳಲ್ಲಿದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದರಲ್ಲಿ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕ್ಯಾಮೆರಾ, ಕಂಪ್ಯೂಟರ್ ಕಾಣುವುದಿಲ್ಲ. ಹೋಂಸ್ಟೇ ಮನೆಯವರಿಗೆ ನಾನು ಮೊದಲು ಹೇಳುವುದೇ ಇದನ್ನು. ಗೆಸ್ಟ್ ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಿದರೂ ಏಣಿ ಹತ್ತುವ ಕೆಲಸ ಇಲ್ಲ. ಆಂಡ್ರಾಯ್ಡ್ 10ರಿಂದ ಮುಂದಿನ ಫೋನುಗಳಲ್ಲಿ ವೈ-ಫೈ ಹೆಸರಿನ ಪಕ್ಕ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಗೆಸ್ಟ್ ನೆಟ್‌ವರ್ಕಿನ ಕೋಡನ್ನು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ ಜಗಲಿಯಲ್ಲಿ ಅಂಟಿಸಿ. ಮನೆಯವರ ಪಾಸ್‌ವರ್ಡ್ ಮತ್ತು ಅಡ್ಮಿನ್ ಪಾಸ್‌ವರ್ಡನ್ನು ಒಂದು ಪುಸ್ತಕದಲ್ಲಿ ಬರೆದು, ಕರೆಂಟ್ ಬಿಲ್ಲು, ಪಾಸ್‌ಬುಕ್ ಇಡುವ ಕಪಾಟಿನಲ್ಲಿ ಇಡಿ, ಬದಲಿಸಿದ ತಾರೀಖಿನ ಸಮೇತ.